ಹೊಸ ಬೈಕಿನ ಹಿಂದಿನ ಸೀಟು

ಇಂಥ ಅನುಭವಗಳನ್ನು ಬರೆಯುವವರನ್ನು ಕಂಡರೆ ನನಗೆ ಮೊದಲಿನಿಂದಲೂ ಅಷ್ಟಕ್ಕಷ್ಟೆ. ಹಾಗಂತ ನಾನು ದೊಡ್ಡ ವಿಚಾರವಾದಿಯೇನಲ್ಲ. ಚಾಮರಾಜಪೇಟೆಯಲ್ಲಿ ತೂಕದ ಯಂತ್ರಗಳನ್ನು ಮಾರುವ, ರಿಪೇರಿ ಮಾಡುವ ಸಣ್ಣ ಅಂಗಡಿ ಇಟ್ಟುಕೊಂಡಿದ್ದೇನೆ. ದಿನಸಿ ಅಂಗಡಿಯ ತಕ್ಕಡಿಯಿಂದ ಹಿಡಿದು ಚಿನ್ನದಂಗಡಿಯ ಗಾಜಿನ ಪೆಟ್ಟಿಗೆಯ ತಕ್ಕಡಿಯವರೆಗೆ ಎಲ್ಲವೂ ನನ್ನ ಮೇಜಿನ ಮೇಲೆ ಬಂದು ಹೋಗುತ್ತವೆ. ತಟ್ಟೆಯ ಮೇಲೆ ಏನಾದರೂ ಇದ್ದರೆ ಅಂಕಿ ಬದಲಾಗುತ್ತದೆ, ಇಲ್ಲದಿದ್ದರೆ ಸೊನ್ನೆ ತೋರಿಸುತ್ತದೆ. ಇಪ್ಪತ್ತೈದು ವರ್ಷ ಇದನ್ನೇ ನೋಡಿದವನಿಗೆ ಇದ್ದೂ ಇಲ್ಲದ ವಸ್ತುಗಳ ಕಥೆ ರುಚಿಸುವುದು ಕಷ್ಟ.

ಭಾನುವಾರ ಬೆಳಿಗ್ಗೆ ನಾವೊಂದಷ್ಟು ಜನ ಬೈಕಿನಲ್ಲಿ ಊರ ಹೊರಗೆ ಹೋಗುವ ಗುಂಪು ಮಾಡಿಕೊಂಡಿದ್ದೆವು. ತಿಂಡಿಗೆ ನಿಂತಲ್ಲಿ ಯಾರಾದರೊಬ್ಬರು ಘಾಟಿಯಲ್ಲಿ ಕಂಡ ಬಿಳಿ ಸೀರೆಯ ಕಥೆ ತೆಗೆಯುತ್ತಿದ್ದರು. ನಾನು ಬಿಡುತ್ತಿರಲಿಲ್ಲ. ಸೀರೆ ಎಷ್ಟು ಮೊಳ ಇತ್ತು, ಹೆಲ್ಮೆಟ್ಟಿನ ಗಾಜು ಒರೆಸಿಕೊಂಡಿದ್ದೆಯಾ ಎಂದೆಲ್ಲ ಕೇಳಿ ಅವರ ಮಾನ ಕಳೆಯುತ್ತಿದ್ದೆ. ಅವರ ಕಥೆಗಳೆಲ್ಲ ನಡುರಾತ್ರಿಯಲ್ಲಿ, ನಿರ್ಜನ ರಸ್ತೆಯಲ್ಲಿ ನಡೆದವು. ನನಗೆ ಆದದ್ದು ಬೆಳಿಗ್ಗೆ ಹತ್ತು ಗಂಟೆಗೆ, ಗಾಂಧಿ ಬಜಾರಿನ ಟ್ರಾಫಿಕ್ಕಿನಲ್ಲಿ. ಆಗಿ ನಾಲ್ಕು ವರ್ಷವಾಯಿತು. ಅದನ್ನು ಹೇಳಬೇಕಾದರೆ ಅದಕ್ಕಿಂತ ಹಿಂದಿನ ಇನ್ನೊಂದು ಸಂಗತಿಯನ್ನು ಹೇಳಬೇಕು. ಅದರಲ್ಲಿ ವಿಚಿತ್ರವೇನೂ ಇಲ್ಲ, ನಾಚಿಕೆ ಮಾತ್ರ ಇದೆ.

ನನಗೊಬ್ಬಳು ಅಕ್ಕ ಇದ್ದಳು, ವನಜಾ ಎಂದು ಹೆಸರು. ನನಗಿಂತ ಒಂಬತ್ತು ವರ್ಷ ದೊಡ್ಡವಳು. ಅಪ್ಪ ತೀರಿಕೊಂಡಾಗ ನಾನಿನ್ನೂ ಎಂಟನೇ ಕ್ಲಾಸು. ಆಮೇಲೆ ಮನೆ ನಡೆದದ್ದು ಅವಳ ಹೊಲಿಗೆ ಯಂತ್ರದಿಂದ. ಅವಳು ಮದುವೆಯಾಗಲಿಲ್ಲ. ಶ್ರೀರಾಂಪುರದಲ್ಲಿ ಒಂದು ಬಾಡಿಗೆ ಮನೆ ಮಾಡಿಕೊಂಡು, ಪಕ್ಕದ ಮಲ್ಲೇಶ್ವರದಲ್ಲಿ ಹೆಂಗಸರಿಗೆ ಹೊಲಿಗೆ ಹೇಳಿಕೊಡುವ ಕ್ಲಾಸು ನಡೆಸುತ್ತಿದ್ದಳು.

ನಮ್ಮ ಮನೆಯಲ್ಲಿ ಒಂದು ಪದ್ಧತಿ ಇತ್ತು. ಹೊಸ ಗಾಡಿ ಬಂದರೆ, ಪೂಜೆ ಆಗಿ ಚಕ್ರದಡಿ ನಿಂಬೆಹಣ್ಣು ಒಡೆದ ಮೇಲೆ, ಮೊದಲ ಸುತ್ತು ಮನೆ ಮಗಳಿಗೆ. ಅಪ್ಪನ ಸೈಕಲ್ಲಿನ ಕ್ಯಾರಿಯರ್ ಮೇಲೆ ಅಕ್ಕ ಕೂತಿದ್ದಳಂತೆ. ಅಪ್ಪ ಮೊಪೆಡ್ ತಂದಾಗ ಕೂತದ್ದು ನನಗೇ ನೆನಪಿದೆ. ನಾನು ದುಡಿದು ನನ್ನ ಮೊದಲ ಬೈಕು ತಂದಾಗಲೂ ಅವಳೇ. ಎರಡೂ ಕಾಲು ಒಂದೇ ಕಡೆ ಇಳಿಬಿಟ್ಟು, ಪೂಜೆಯ ತೆಂಗಿನಕಾಯಿ ಹೋಳುಗಳನ್ನು ಮಡಿಲಲ್ಲಿಟ್ಟುಕೊಂಡು, ಸೆರಗನ್ನು ಬಿಗಿಯಾಗಿ ಹಿಡಿದು ಕೂರುತ್ತಿದ್ದಳು. ಬಸವನಗುಡಿಯ ದೇವಸ್ಥಾನದಿಂದ ಗಾಂಧಿ ಬಜಾರ್ ಸುತ್ತಿ ಮನೆಗೆ ಬಂದರೆ ಅವಳಿಗೆ ಸಾಕು. ಅದರ ಸಂತೋಷ ಒಂದು ವಾರ ಇರುತ್ತಿತ್ತು.

ನಲವತ್ತರ ಹತ್ತಿರ ಬಂದಾಗ ನನಗೆ ಸ್ಪೋರ್ಟ್ಸ್ ಬೈಕಿನ ಹುಚ್ಚು ಹಿಡಿಯಿತು. ಕೆಂಪು ಬಣ್ಣದ್ದು. ಹ್ಯಾಂಡಲ್ ಎಷ್ಟು ಕೆಳಗೆ ಎಂದರೆ ಟ್ಯಾಂಕಿನ ಮೇಲೆ ಹೊಟ್ಟೆ ಊರಿ ಮಲಗಿದಂತೆಯೇ ಓಡಿಸಬೇಕು. ಹಿಂದಿನ ಸೀಟು ಎನ್ನುವುದು ಅಂಗೈ ಅಗಲ, ಅದೂ ಎತ್ತರದಲ್ಲಿ, ಹೆಸರಿಗೆ ಮಾತ್ರ. ಹೆಂಡತಿ ಸುಧಾ ಒಂದು ಸಲ ಕೂತು, ಮತ್ತೆ ಕರೆಯಬೇಡಿ ಎಂದು ಕೈಮುಗಿದಳು. ಪೂಜೆಯ ದಿನ ಅಕ್ಕ ಬಂದಿದ್ದಳು. ತೆಂಗಿನಕಾಯಿ ಹೋಳು ಹಿಡಿದು ಹಿಂದಿನ ಸೀಟನ್ನೇ ನೋಡುತ್ತ ನಿಂತಿದ್ದಳು.

"ಇದ್ರಲ್ಲಿ ಸೀರೆ ಉಟ್ಟು ಕೂರೋಕಾಗಲ್ಲ ಅಕ್ಕ. ಆ ಕಡೆ ಈ ಕಡೆ ಕಾಲು ಹಾಕ್ಬೇಕು" ಎಂದೆ.

"ಹೌದಾ? ಸರಿ ಬಿಡು, ಇನ್ನೊಂದ್ಸಲ ನೋಡೋಣ" ಎಂದಳು. ಮೊದಲ ಸುತ್ತು ನಾನೊಬ್ಬನೇ ಹೋದೆ. ಅವಳು ಸುಧಾ ಜೊತೆ ಆಟೋದಲ್ಲಿ ಮನೆಗೆ ಬಂದಳು.

ಅದಾಗಿ ಮೂರ್ನಾಲ್ಕು ವರ್ಷ ಅವಳು ಆ ವಿಷಯ ಎತ್ತಲಿಲ್ಲ. ಒಂದು ಭಾನುವಾರ ಬೆಳಿಗ್ಗೆ ನಮ್ಮ ಗುಂಪಿನವರು ಅಂಗಡಿಯ ಮುಂದೆ ಸೇರಿದ್ದರು. ಎಲ್ಲರೂ ಜಾಕೆಟ್ಟು, ಬೂಟು ತೊಟ್ಟು, ಗಾಡಿ ಶುರುಮಾಡಿ ನಿಂತಿದ್ದೆವು. ಆಗ ರಸ್ತೆಯ ತುದಿಯಿಂದ ಅಕ್ಕ ನಡೆದು ಬಂದಳು. ಮೊದಲು ನನಗೆ ಗುರುತೇ ಹತ್ತಲಿಲ್ಲ. ಹುಟ್ಟಿದಾಗಿನಿಂದ ಸೀರೆ, ಲಂಗ ಬಿಟ್ಟು ಬೇರೇನೂ ತೊಡದವಳು ಎಲೆಹಸಿರು ಬಣ್ಣದ ಚೂಡಿದಾರ್ ಹಾಕಿಕೊಂಡಿದ್ದಳು. ಅದೇ ಬಣ್ಣದ ಉದ್ದನೆಯ ವೇಲು. ಅದು ಅವಳ ಮಾತು ಕೇಳುತ್ತಿರಲಿಲ್ಲ. ಭುಜಕ್ಕೆ ಹಾಕಿದರೆ ಜಾರುತ್ತಿತ್ತು, ಎಳೆದುಕೊಂಡರೆ ಇನ್ನೊಂದು ಕಡೆ ನೆಲಕ್ಕೆ ತಾಗುತ್ತಿತ್ತು. ಐವತ್ತೆರಡು ವರ್ಷದ ನನ್ನ ಅಕ್ಕ ನಗುತ್ತ ಬಂದು ಬೈಕಿನ ಪಕ್ಕ ನಿಂತಳು.

"ಸೀರೇಲಿ ಆಗಲ್ಲ ಅಂದಿದ್ಯಲ್ಲ, ಹೊಲ್ಕೊಂಡ್ಬಿಟ್ಟೆ ನೋಡು. ಈಗ ಕಾಲು ಹಾಕಿ ಕೂರಬಹುದು. ಇವತ್ತು ಕ್ಲಾಸಲ್ಲಿ ಒಂದು ಫಂಕ್ಷನ್ ಇದೆ ಕಣೋ, ಮಲ್ಲೇಶ್ವರಕ್ಕೆ ಬಿಟ್ಬಿಡು."

ನಮ್ಮವನೊಬ್ಬ "ಸೂಪರ್ ಆಂಟಿ" ಎಂದ. ಅವನೇನೂ ಕೆಟ್ಟ ಮನಸ್ಸಿನಿಂದ ಹೇಳಲಿಲ್ಲ, ಆದರೂ ಇಬ್ಬರು ನಕ್ಕರು. ನನ್ನ ಕಿವಿ ಬಿಸಿಯಾಯಿತು. ಆ ಹಸಿರು ಚೂಡಿದಾರ್, ಅದರ ಕೆಳಗೆ ಹವಾಯಿ ಚಪ್ಪಲಿ, ಜಾರುವ ವೇಲು, ಇದನ್ನೆಲ್ಲ ನನ್ನ ಕೆಂಪು ಬೈಕಿನ ಮೇಲೆ ಕೂರಿಸಿಕೊಂಡು ಇವರೆಲ್ಲರ ಕಣ್ಣೆದುರು ಹೊರಡುವುದನ್ನು ನೆನೆದರೇ ನನಗೆ ಅವಮಾನವೆನಿಸಿತು. ಇದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ. ನನ್ನನ್ನು ಓದಿಸಿದ ಅಕ್ಕನ ಬಗ್ಗೆ ನಾನು ನಾಚಿಕೆಪಟ್ಟೆ.

"ಹೆಲ್ಮೆಟ್ ಇಲ್ವಲ್ಲ ಅಕ್ಕ. ಹಿಂದೆ ಕೂತವರಿಗೂ ಬೇಕು, ಪೊಲೀಸರು ಹಿಡೀತಾರೆ" ಎಂದೆ.

ಎರಡನೇ ಹೆಲ್ಮೆಟ್ ಅಂಗಡಿಯೊಳಗಿನ ಶೆಲ್ಫಿನ ಮೇಲೆ, ತೂಕದ ಬಟ್ಟುಗಳ ಪಕ್ಕದಲ್ಲೇ ಇತ್ತು. ಬಾಗಿಲು ತೆರೆದೇ ಇತ್ತು. ಅಕ್ಕ ಅದರ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನ ಮುಖ ನೋಡಿದಳು.

"ಹೌದಲ್ವಾ, ನಂಗೆ ಹೊಳೀಲೇ ಇಲ್ಲ ನೋಡು" ಎಂದಳು.

ನಾನೇ ಓಡಿ ಹೋಗಿ ಆಟೋ ನಿಲ್ಲಿಸಿ ಹತ್ತಿಸಿದೆ. ವೇಲಿನ ತುದಿ ಆಟೋದ ಹೊರಗೆ ಜೋತಾಡುತ್ತಿತ್ತು. "ಅಕ್ಕ, ವೇಲು ಎತ್ಕೊ" ಎಂದು ಕೂಗಿದೆ. ಅವಳು ಒಳಗೆಳೆದುಕೊಂಡು ಕೈಬೀಸಿದಳು. ನಾವು ಮೈಸೂರು ರಸ್ತೆಯ ಕಡೆ ಹೊರಟೆವು. ಆ ದಿನದ ಇಡ್ಲಿ ವಡೆ ಚೆನ್ನಾಗಿತ್ತು ಎನ್ನುವುದೂ ನನಗೆ ನೆನಪಿದೆ.

ಎಂಟು ತಿಂಗಳಿಗೆ ಅಕ್ಕ ತೀರಿಕೊಂಡಳು. ಜ್ವರ ಎಂದು ಮಲಗಿದವಳು ನಾಲ್ಕನೇ ದಿನ ಏಳಲಿಲ್ಲ. ಹದಿಮೂರನೇ ದಿನದ ಊಟಕ್ಕೆ ಅವಳ ಕ್ಲಾಸಿನ ಹೆಂಗಸರು ಬಂದಿದ್ದರು. ಅವರಲ್ಲಿ ಮಂಜುಳಾ ಎಂಬಾಕೆ ಅಕ್ಕನಿಗೆ ಬಲಗೈಯಂತೆ ಇದ್ದವಳು. ಆಕೆ ಕೈತೊಳೆಯುವ ಹೊತ್ತಿನಲ್ಲಿ ಹೇಳಿದ್ದಿಷ್ಟು. ಆ ಭಾನುವಾರ ಕ್ಲಾಸಿನವರೆಲ್ಲ ಸೇರಿ ಅಕ್ಕನಿಗೆ ಶಾಲು ಹೊದಿಸುವ ಕಾರ್ಯಕ್ರಮ ಇಟ್ಟುಕೊಂಡಿದ್ದರು. ನನ್ನ ತಮ್ಮ ಅವನ ದೊಡ್ಡ ಬೈಕಿನಲ್ಲಿ ತಂದು ಬಿಡುತ್ತಾನೆ, ಗೇಟಿನ ಹತ್ತಿರ ನಿಂತು ನೋಡಿ ಎಂದು ಅಕ್ಕ ವಾರದಿಂದ ಹೇಳಿಕೊಂಡಿದ್ದಳು. ಇಪ್ಪತ್ತು ಜನ ಗೇಟಿನಲ್ಲಿ ಆರತಿ ತಟ್ಟೆ ಹಿಡಿದು ನಿಂತಿದ್ದರು.

"ಆಟೋದಲ್ಲಿ ಬಂದ್ರು. ಬೈಕ್ ಎಲ್ಲಿ ಮಿಸ್ ಅಂದ್ವಿ. ನಿಮಗೆ ಅಂಗಡೀಲಿ ಅರ್ಜೆಂಟ್ ಕೆಲಸ ಬಂತಂತಲ್ಲ ಅಣ್ಣ, ಪಾಪ ತುಂಬಾ ಬೇಜಾರು ಮಾಡ್ಕೊಂಡ ಅಂತ ನಿಮ್ಮ ಬಗ್ಗೆನೇ ಹೇಳ್ತಿದ್ರು."

ನಾನು ಕೈತೊಳೆಯುತ್ತಲೇ ನಿಂತೆ. ಇನ್ನೊಂದು ಸಂಗತಿ ನನಗೆ ಆಗ ಹೊಳೆಯಿತು. ಶ್ರೀರಾಂಪುರದಿಂದ ಮಲ್ಲೇಶ್ವರಕ್ಕೆ ಅವಳು ದಿನಾ ನಡೆದೇ ಹೋಗುತ್ತಿದ್ದಳು. ಕಾಲು ಗಂಟೆಯ ದಾರಿ. ಅಷ್ಟು ಹತ್ತಿರದ ಜಾಗಕ್ಕೆ ಹೋಗಲು ಅವಳು ಎರಡು ಬಸ್ಸು ಬದಲಿಸಿ ಚಾಮರಾಜಪೇಟೆಗೆ ಬಂದಿದ್ದಳು.

ಅದಾದ ಮೇಲೆ ನನಗೆ ಆ ಬೈಕು ಓಡಿಸಲಾಗಲಿಲ್ಲ. ಎಲ್ಲರಿಗೂ ಬೆನ್ನುನೋವು ಎಂದೆ. ಬೆನ್ನುನೋವು ಇದ್ದದ್ದೂ ನಿಜವೇ. ಮಣಿಕಟ್ಟು ಜೋಮು ಹಿಡಿಯುತ್ತಿತ್ತು, ಹಂಪ್ ಬಂದರೆ ಸೊಂಟದಿಂದ ಹಲ್ಲಿನವರೆಗೆ ಹೊಡೆಯುತ್ತಿತ್ತು. ಆದರೆ ನಿಜವಾಗಿ ಸಹಿಸಲಾಗದೆ ಹೋದದ್ದು ಆ ಅಂಗೈ ಅಗಲದ ಸೀಟು. ಕೊನೆಗೆ ಅದನ್ನು ಮಾರಿ ಅಡ್ವೆಂಚರ್ ಟೂರಿಂಗ್ ಬೈಕು ತೆಗೆದುಕೊಂಡೆ. ಎತ್ತರದ ಗಾಡಿ, ಅಗಲವಾದ ಹ್ಯಾಂಡಲ್, ಕುರ್ಚಿಯಲ್ಲಿ ಕೂತಂತೆ ನೆಟ್ಟಗೆ ಕೂತು ಓಡಿಸಬಹುದು. ಹಿಂದಿನ ಸೀಟು ಮನೆಯ ದಿವಾನದ ಹಾಗೆ ಅಗಲ, ಮೆತ್ತಗೆ, ಹಿಡಿದುಕೊಳ್ಳಲು ಎರಡೂ ಕಡೆ ಕಂಬಿ. ಸೀರೆ ಉಟ್ಟವರೂ ಕೂರಬಹುದು. ಷೋರೂಮಿನವನು ಅದನ್ನು ತಟ್ಟಿ ತೋರಿಸಿ "ಫ್ಯಾಮಿಲಿಗೆ ಸೂಪರ್ ಸಾರ್" ಎಂದಾಗ ನಾನು ಬೇರೆ ಕಡೆ ನೋಡಿದೆ.

ಪೂಜೆಯ ದಿನ ಸುಧಾಗೆ ಸ್ಕೂಲಿನಲ್ಲಿ ಪರೀಕ್ಷೆಯ ಕೆಲಸವಿತ್ತು. ಒಬ್ಬನೇ ಹೋದೆ. ಬಸವನಗುಡಿಯ ಅದೇ ದೇವಸ್ಥಾನ. ಅರ್ಚಕರು ಗಾಡಿಗೆ ಕುಂಕುಮವಿಟ್ಟು, ಹೂವಿನ ಹಾರ ಹಾಕಿ, ನಿಂಬೆಹಣ್ಣು ಇಟ್ಟರು. "ಹಿಂದೆ ಯಾರೂ ಕೂರಲ್ವಾ? ಒಬ್ರೇ ಹೋಗ್ತೀರಾ?" ಎಂದರು. ನಾನು ಹೂಂಗುಟ್ಟಿ ಗಾಡಿ ಮುಂದೆ ಬಿಟ್ಟೆ. ನಿಂಬೆಹಣ್ಣು ಒಡೆದದ್ದು ಗೊತ್ತೇ ಆಗಲಿಲ್ಲ, ಅಷ್ಟು ನಯವಾದ ಗಾಡಿ.

ಗಾಂಧಿ ಬಜಾರಿನಲ್ಲಿ ನಿಧಾನವಾಗಿ ಹೋಗುತ್ತಿದ್ದೆ. ಸ್ಕೂಟರಿನಲ್ಲಿ ಒಬ್ಬ ಹುಡುಗಿ ಪಕ್ಕಕ್ಕೆ ಬಂದು, "ಸಾರ್, ವೇಲು, ವೇಲು" ಎಂದು ನನ್ನ ಹಿಂಚಕ್ರ ತೋರಿಸಿ ಮುಂದೆ ಹೋದಳು. ನಮ್ಮ ಊರಿನಲ್ಲಿ ಗಾಡಿ ಓಡಿಸುವವರಿಗೆ ಇದು ಗೊತ್ತಿರುತ್ತದೆ. ಸೈಡ್ ಸ್ಟ್ಯಾಂಡ್ ತೆಗೆಯದಿದ್ದರೆ, ಸೆರಗೋ ವೇಲೋ ಚಕ್ರದ ಹತ್ತಿರ ಇಳಿದಿದ್ದರೆ, ಗುರುತು ಪರಿಚಯ ಇಲ್ಲದವರೂ ಹಿಂದಿನಿಂದ ಓಡಿಸಿಕೊಂಡು ಬಂದು ಹೇಳಿ ಹೋಗುತ್ತಾರೆ. ಬೇರೆ ಯಾರಿಗೋ ಹೇಳಿದ್ದಿರಬೇಕು ಎಂದುಕೊಂಡೆ.

ಮಕ್ಕಳ ಕೂಟದ ಸರ್ಕಲ್ ಹತ್ತಿರ ಆಟೋದವರೊಬ್ಬರು ಹಾರ್ನ್ ಮಾಡಿ ತಲೆ ಹೊರಗೆ ಹಾಕಿದರು. "ಗುರು, ಹಿಂದೆ ಮೇಡಮ್ಮೋರಿಗೆ ವೇಲು ನೋಡ್ಕೊಳ್ಳೋಕೆ ಹೇಳು. ಚಕ್ರಕ್ಕೆ ಸಿಕ್ರೆ ಕಷ್ಟ."

ನಾನು ತಿರುಗಿ ನೋಡಿದೆ. ಸೀಟು ಖಾಲಿ. ಬದಿಗೆ ನಿಲ್ಲಿಸಿ, ಇಳಿದು, ಬಗ್ಗಿ ನೋಡಿದೆ. ಹೂವಿನ ಹಾರ ಮುಂದೆ ಹ್ಯಾಂಡಲ್ಲಿಗೆ ಕಟ್ಟಿತ್ತು. ಹಿಂದೆ ದಾರವಿಲ್ಲ, ಬಟ್ಟೆಯಿಲ್ಲ, ಷೋರೂಮಿನ ಪ್ಲಾಸ್ಟಿಕ್ಕಿನ ಚೂರೂ ಇಲ್ಲ. ಮತ್ತೆ ಹತ್ತಿ ಕೂತೆ. ಇಲ್ಲಿ ನನ್ನ ಕಸುಬಿನವನಾಗಿ ಒಂದು ಮಾತು ಹೇಳಬೇಕು. ಗಾಡಿಯ ಹಿಂದೆ ಐದು ಕೆಜಿ ಅಕ್ಕಿ ಇಟ್ಟರೂ ನನಗೆ ಗೊತ್ತಾಗುತ್ತದೆ. ಆ ದಿನ ನನ್ನ ಹಿಂದೆ ತೂಕವಿರಲಿಲ್ಲ. ಕೈ ಮುಟ್ಟಿದಂತಾಗಲಿಲ್ಲ, ಪರಿಮಳ ಬರಲಿಲ್ಲ, ಮೈ ಜುಮ್ಮೆನ್ನಲಿಲ್ಲ. ಸೊನ್ನೆ ಎಂದರೆ ಸೊನ್ನೆ.

ಮನೆಗೆ ತಿರುಗಬೇಕಾದ ಕಡೆ ನಾನು ತಿರುಗಲಿಲ್ಲ. ಎಡಗಡೆ ಒಂದು ಲಾರಿ ಅಡ್ಡ ಇತ್ತು ಎಂದು ಆಮೇಲೆ ನನಗೆ ನಾನೇ ಹೇಳಿಕೊಂಡೆ. ಲಾರಿ ಇತ್ತೋ ಇಲ್ಲವೋ ಖಂಡಿತವಾಗಿ ಹೇಳಲಾರೆ. ನೇರ ಹೋಗುತ್ತ ಹೋಗುತ್ತ ಉಪ್ಪಾರಪೇಟೆಯ ಸಿಗ್ನಲ್ಲಿಗೆ ಬಂದಿದ್ದೆ. ಪಕ್ಕದಲ್ಲಿ ಬಸ್ಸೊಂದು ಬಂದು ನಿಂತಿತು. ಹಳೆಯ ಬೈಕಿನಲ್ಲಿದ್ದಾಗ ನನಗೆ ಬಸ್ಸಿನ ಚಕ್ರ ಮಾತ್ರ ಕಾಣುತ್ತಿತ್ತು. ಈ ಗಾಡಿಯ ಎತ್ತರಕ್ಕೆ ಕಿಟಕಿಯಲ್ಲಿ ಕೂತವರ ಮುಖವೂ ನನ್ನ ಮುಖವೂ ಹೆಚ್ಚು ಕಡಿಮೆ ಎದುರುಬದುರಾದವು. ಕೂತಿದ್ದವರು ಅರವತ್ತು ದಾಟಿದ ಒಬ್ಬ ಹೆಂಗಸು, ತೊಡೆಯ ಮೇಲೆ ತರಕಾರಿ ಚೀಲ. ಆಕೆ ನನ್ನ ಹಿಂದೆ ನೋಡಿ, ಆಮೇಲೆ ನನ್ನನ್ನು ನೋಡಿ, ಸಣ್ಣಗೆ ಗದರಿಸಿದರು.

"ಏನಪ್ಪಾ, ಅವರಿಗೆ ಒಂದು ಮಾತು ಹೇಳಬಾರದಾ? ಹಸಿರು ವೇಲು ಚಕ್ರದ ಹತ್ರಾನೇ ಆಡ್ತಿದೆ. ಪಾಪ, ಅವರಿಗೆ ಅಭ್ಯಾಸ ಇಲ್ಲ ಅಂತ ಕಾಣುತ್ತೆ."

ಬಣ್ಣವನ್ನು ನಾನು ಯಾರಿಗೂ ಹೇಳಿರಲಿಲ್ಲ. ಸುಧಾಗೂ ಹೇಳಿರಲಿಲ್ಲ. ನನಗೆ ತಿರುಗಿ ನೋಡುವ ಧೈರ್ಯವಾಗಲಿಲ್ಲ. ಹೆದರಿಕೆಯಿಂದ ಎಂದುಕೊಳ್ಳಬೇಡಿ. ತಿರುಗಿದರೆ ಅವಳ ಮುಖ ಕಂಡೀತು, ಅಂದು ಹೆಲ್ಮೆಟ್ ನೋಡಿದ ಮೇಲೆ ನನ್ನನ್ನು ನೋಡಿದ ಮುಖವೇ ಇದ್ದೀತು ಎನಿಸಿತು. ಮುಂದೆ ನೋಡಿಕೊಂಡೇ, ಕೇಳಿಸುವಷ್ಟು ಜೋರಾಗಿ ಹೇಳಿದೆ.

"ಅಕ್ಕ, ವೇಲು ಎತ್ಕೊ."

ಕಿಟಕಿಯ ಹೆಂಗಸು ಸ್ವಲ್ಪ ಬಗ್ಗಿ ನೋಡಿದರು. "ಹಾಂ, ಈಗ ಸರಿಹೋಯ್ತು" ಎಂದರು. ಆಮೇಲೆ ನನ್ನ ಭುಜದಾಚೆ ನೋಡಿ, ಯಾರೋ ನಕ್ಕರೆ ತಿರುಗಿ ನಗುವಂತೆ ನಕ್ಕು ತಲೆಯಾಡಿಸಿದರು. ಸಿಗ್ನಲ್ ಬಿಟ್ಟಿತು, ಬಸ್ಸು ಹೋಯಿತು. ಅಲ್ಲಿಂದ ಮುಂದೆ ಯಾರೂ ನನಗೆ ವೇಲು ಎಂದು ಕೂಗಲಿಲ್ಲ.

ಇದನ್ನು ಎಷ್ಟೋ ಸಲ ತೂಗಿ ನೋಡಿದ್ದೇನೆ. ಹುಡುಗಿ ಬೇರೆಯವರಿಗೆ ಹೇಳಿರಬಹುದು. ಆಟೋದವರೂ ಹಾಗೆಯೇ ಇರಬಹುದು. ಬಸ್ಸಿನ ಹೆಂಗಸು ನನ್ನ ಹಿಂದೆ ನಿಂತ ಯಾವುದೋ ಸ್ಕೂಟರನ್ನು ನೋಡಿರಬಹುದು, ಅದರಲ್ಲಿ ಹಸಿರು ವೇಲಿನವರೇ ಇದ್ದಿರಬಹುದು, ನಾನು ಕೂಗಿದ್ದನ್ನು ಕೇಳಿ ಅವರೇ ಎತ್ತಿಕೊಂಡಿರಬಹುದು. ಒಂದೊಂದನ್ನೇ ಒಪ್ಪಬಹುದು. ಮೂರೂ ಕೂಡಿದರೆ ನನ್ನ ಲೆಕ್ಕ ತಪ್ಪುತ್ತದೆ. ಈ ಊರಿನ ಸಿಗ್ನಲ್ಲುಗಳಲ್ಲಿ ಕ್ಯಾಮೆರಾಗಳಿರುತ್ತವೆ. ಹಿಂದೆ ಕೂತವರಿಗೆ ಹೆಲ್ಮೆಟ್ ಇಲ್ಲದಿದ್ದರೆ ಫೋಟೊ ಸಮೇತ ನೋಟೀಸು ಬರುತ್ತದೆ. ಎಷ್ಟೋ ತಿಂಗಳು ನಾನು ಆ ನೋಟೀಸಿಗಾಗಿ ಕಾದೆ. ದಂಡ ಕಟ್ಟಬೇಕೆಂದು ಹೀಗೆ ಆಸೆಪಟ್ಟವನು ಬೆಂಗಳೂರಿನಲ್ಲಿ ನಾನೊಬ್ಬನೇ ಇರಬೇಕು. ಬರಲಿಲ್ಲ.

ಇದನ್ನು ಸುಧಾಗೂ ಇಬ್ಬರು ಗೆಳೆಯರಿಗೂ ಹೇಳಿದ್ದೇನೆ. ಅವರಿಗೆ ಇಲ್ಲಿಗೇ ನಿಲ್ಲಿಸಿದ್ದೆ. ಉಳಿದದ್ದನ್ನು ಇಲ್ಲಿ ಮೊದಲ ಸಲ ಹೇಳುತ್ತಿದ್ದೇನೆ.

ಆ ಸಿಗ್ನಲ್ಲಿನಿಂದ ನಾನು ಸೀದಾ ಮಲ್ಲೇಶ್ವರಕ್ಕೆ ಹೋದೆ. ಹೊಲಿಗೆ ಕ್ಲಾಸು ಈಗಲೂ ಅಲ್ಲೇ ಇದೆ, ಮಂಜುಳಾ ನಡೆಸುತ್ತಾಳೆ. ಗೇಟಿನ ಮುಂದೆ ಗಾಡಿ ನಿಲ್ಲಿಸಿದೆ. ಎರಡೂ ಕಾಲು ನೆಲಕ್ಕೂರಿ, ಎತ್ತರದ ಗಾಡಿಯಾದ್ದರಿಂದ ಇಳಿಯುವವರಿಗೆ ಅನುಕೂಲವಾಗಲೆಂದು ಸ್ವಲ್ಪ ಎಡಕ್ಕೆ ವಾಲಿಸಿ ಹಿಡಿದೆ. ಒಬ್ಬರು ಇಳಿಯಲು ಎಷ್ಟು ಹೊತ್ತು ಬೇಕೋ ಅಷ್ಟು ಹೊತ್ತು ಹಾಗೆಯೇ ನಿಂತಿದ್ದೆ.

ಒಳಗಿನಿಂದ ಮಂಜುಳಾ ಬಂದಳು. ಅವಳ ಹಿಂದೆ ಕೊರಳಿಗೆ ಟೇಪು ಹಾಕಿಕೊಂಡ ನಾಲ್ಕೈದು ಜನ ಹೆಂಗಸರು ಗೇಟಿಗೆ ಬಂದು ಹೂವಿನ ಹಾರ ಹಾಕಿದ್ದ ಬೈಕನ್ನು ನೋಡುತ್ತ ನಿಂತರು.

"ಏನಣ್ಣ, ಹೊಸ ಬೈಕಾ? ಒಬ್ರೇ ಬಂದ್ರಾ?" ಎಂದಳು.

ಅಕ್ಕನನ್ನು ಬಿಡಲು ಬಂದೆ ಎನ್ನಬೇಕಿತ್ತು. ನನಗೆ ಹುಚ್ಚು ಹಿಡಿದಿದೆ ಎಂದುಕೊಳ್ಳುತ್ತಿದ್ದರು, ಅಷ್ಟೆ ತಾನೆ. ಮಾತು ಬಾಯಿಯವರೆಗೆ ಬಂದಿತ್ತು. ಗೇಟಿನಲ್ಲಿ ನಿಂತ ಆ ಮುಖಗಳನ್ನು ನೋಡಿದೆ. ನನ್ನ ಕಿವಿ ಬಿಸಿಯಾಯಿತು, ಅಂದಿನ ಹಾಗೆಯೇ.

"ಹೂಂ, ಒಬ್ಬನೇ. ಸುಮ್ನೆ ಈ ಕಡೆ ಬಂದಿದ್ದೆ" ಎಂದೆ.

ಗಾಡಿಯನ್ನು ನೆಟ್ಟಗೆ ಮಾಡಿ ವಾಪಸ್ ಬಂದೆ. ಈಗ ಆ ಬೈಕಿನಲ್ಲಿ ಸುಧಾ ಕೂರುತ್ತಾಳೆ, ನೆಂಟರು ಕೂರುತ್ತಾರೆ, ಎಲ್ಲರೂ ಸೀಟನ್ನು ಹೊಗಳುತ್ತಾರೆ. ನನ್ನ ಬೆನ್ನುನೋವೂ ಹೋಗಿದೆ. ಅಂದು ನನ್ನ ಹಿಂದೆ ಯಾರಾದರೂ ಇದ್ದರೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ. ಇದ್ದದ್ದೇ ಹೌದಾದರೆ, ನಾನು ಗೇಟಿನಲ್ಲಿ ಒಬ್ಬನೇ ಎನ್ನುವ ಹೊತ್ತಿಗೆ ಅವಳು ಇಳಿದು ಒಳಗೆ ಹೋಗಿದ್ದಳೋ, ಅಥವಾ ಇನ್ನೂ ಹಿಂದೆ ಕೂತೇ ಅದನ್ನು ಕೇಳಿಸಿಕೊಂಡಳೋ, ಅದು ಗೊತ್ತಾದರೆ ಸಾಕಿತ್ತು.